ಹುಳಿ ಮಣ್ಣಿನ ಗಿಡ

ಊಟಿಗೆ ಶೈಕ್ಷಣಿಕ ಪ್ರವಾಸ ಹೋಗಿ ಬಂದ ಶಾಲಾ ಮಕ್ಕಳ ಚೀಲಗಳನ್ನು ಬಿಚ್ಚಿಸಿದರೆ ಮೂರು ವಸ್ತುಗಳು ಖಾತ್ರಿಯಾಗಿ ಸಿಗುತ್ತವೆ. ಅರ್ಧ ಕರಗಿ ಕಾಗದಕ್ಕೆ ಅಂಟಿಕೊಂಡ ಚಾಕೊಲೇಟು, ತಂಗಿಗೆಂದು ಕೊಂಡ ಉಣ್ಣೆಯ ಟೋಪಿ, ಮತ್ತು ಎಣ್ಣೆಯ ಸಣ್ಣ ಸೀಸೆಗಳು. ಆ ಸೀಸೆಗಳಲ್ಲಿ ನೀಲಗಿರಿ ಎಣ್ಣೆ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಇನ್ನೊಂದು ಇರುತ್ತದೆ: ವಿಂಟರ್‌ಗ್ರೀನ್ ಎಣ್ಣೆ. ಹೆಸರು ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ನಮ್ಮ ಕಡೆ ಅದನ್ನು 'ಮಂಡಿನೋವಿನ ಎಣ್ಣಿ' ಎನ್ನುತ್ತಾರೆ. ಮುಚ್ಚಳ ತೆಗೆದರೆ ಸಾಕು, ಉಳುಕಿಗೆ ಹಚ್ಚುವ ಮುಲಾಮಿನ ವಾಸನೆ ಕೋಣೆಯೆಲ್ಲ ತುಂಬುತ್ತದೆ. ಮುಲಾಮಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವಿದ್ದವರು 'ಗಂಧಪುರ' ಎಂಬ ಮಾತನ್ನು ಅಲ್ಲಿ ನೋಡಿರಬಹುದು. ಅದೂ ಇದೇ.

ನೀಲಗಿರಿ ಎಣ್ಣೆಯ ಮರವನ್ನು ಎಲ್ಲರೂ ನೋಡಿದ್ದಾರೆ. ಈ ಎರಡನೆಯ ಎಣ್ಣೆಯ ಗಿಡವನ್ನು ಊಟಿಗೆ ಹತ್ತು ಸಲ ಹೋಗಿ ಬಂದವರೂ ನೋಡಿರುವುದಿಲ್ಲ. ಅದು ಹಾಗೆ ಕಣ್ಣಿಗೆ ಬೀಳುವ ಗಿಡವೇ ಅಲ್ಲ. ದೊಡ್ಡಬೆಟ್ಟದ ಕಡೆಗೆ ಏರುವ ರಸ್ತೆಯ ಬದಿಯಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ, ಜರಿದ ಕಪ್ಪು ಮಣ್ಣಿನ ದಿಬ್ಬಗಳ ಮೇಲೆ ತನ್ನ ಪಾಡಿಗೆ ತಾನು ನಿಂತಿರುತ್ತದೆ. ಆಸರೆಯಿದ್ದ ಕಡೆ ಆಳೆತ್ತರ ಬೆಳೆಯುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಮೊಣಕಾಲಿಗಿಂತ ಮೇಲೆ ಏಳುವುದಿಲ್ಲ. ದಪ್ಪ, ತೊಗಲಿನಂಥ ಎಲೆ, ಅಂಚಿಗೆ ಸಣ್ಣ ಹಲ್ಲು. ವರ್ಷವಿಡೀ ಹಸಿರು. ಸಣ್ಣ ಕುಡಿಕೆಯನ್ನು ಬೋರಲು ಹಾಕಿದಂಥ ಬಿಳಿ ಹೂಗಳು ಗೊಂಚಲಾಗಿ ತೂಗುತ್ತವೆ. ಆಮೇಲೆ ನೀಲಿ ಬಣ್ಣದ ಹಣ್ಣು. ಹಣ್ಣು ಎಂದೆ, ಪರೀಕ್ಷೆಯಲ್ಲಿ ಹಾಗೆ ಬರೆದರೆ ನಾನು ಅರ್ಧ ಅಂಕ ಕಳೆಯಬೇಕಾಗುತ್ತದೆ. ನಿಜವಾದ ಕಾಯಿ ಒಳಗೆ ಒಣಗಿದ ಡಬ್ಬಿಯ ಹಾಗಿರುತ್ತದೆ. ಹೂವಿನ ಪುಷ್ಪಪಾತ್ರೆ ಉಬ್ಬಿ, ರಸ ತುಂಬಿಕೊಂಡು, ಆ ಡಬ್ಬಿಯನ್ನು ಸುತ್ತುವರಿದು ಹಣ್ಣಿನ ವೇಷ ಹಾಕುತ್ತದೆ. ಹಕ್ಕಿಗಳಿಗೆ ಈ ವ್ಯತ್ಯಾಸ ಬೇಕಾಗಿಲ್ಲ.

ಇದರ ಶಾಸ್ತ್ರೀಯ ಹೆಸರು ಗಾಲ್ತೇರಿಯ ಫ್ರಾಗ್ರಾಂಟಿಸಿಮ. ಎರಡನೆಯ ಮಾತಿಗೆ 'ಬಹಳ ಪರಿಮಳದ್ದು' ಎಂದರ್ಥ. ತಮಾಷೆಯೆಂದರೆ ಗಿಡದ ಪಕ್ಕ ನಿಂತು ಎಷ್ಟು ಉಸಿರೆಳೆದರೂ ಏನೂ ವಾಸನೆ ಬಾರದು. ಎಲೆಯನ್ನು ಕಿತ್ತು, ಅಂಗೈಯಲ್ಲಿ ಹೊಸಕಬೇಕು. ಗಿಡ ತನ್ನ ಎಣ್ಣೆಯನ್ನು ಒಂದು ಸಕ್ಕರೆಯ ಜೊತೆಗೆ ಕಟ್ಟಿ ಬೀಗ ಹಾಕಿಟ್ಟಿರುತ್ತದೆ. ಬೀಗದ ಕೈ, ಅಂದರೆ ಒಂದು ಕಿಣ್ವ, ಅದೇ ಎಲೆಯಲ್ಲಿ ಬೇರೆ ಇರುತ್ತದೆ. ಎಲೆ ಜಜ್ಜಿ ನೀರು ಸೋಕಿದಾಗ ಎರಡೂ ಸೇರಿ, ಎಣ್ಣೆ ಬಿಡುಗಡೆಯಾಗುತ್ತದೆ. ಎಣ್ಣೆ ತೆಗೆಯುವವರು ಸೊಪ್ಪನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಆಮೇಲೆ ಭಟ್ಟಿ ಇಳಿಸುವುದು ಈ ಕಾರಣಕ್ಕೆ.

ಗಾಲ್ತೇರಿಯ ಎಂಬ ಮೊದಲ ಹೆಸರಿನ ಹಿಂದೆ ಬೇರೊಂದು ಕಥೆಯಿದೆ. ಲಿನೇಯಸ್‌ನ ಶಿಷ್ಯ ಪೆಹ್ರ್ ಕಾಮ್ ಎಂಬವನು 1748ರಿಂದ 1751ರವರೆಗೆ ಉತ್ತರ ಅಮೆರಿಕದಲ್ಲಿ ಗಿಡ ಹುಡುಕುತ್ತ ತಿರುಗಿದ. ಕ್ವಿಬೆಕ್‌ನಲ್ಲಿ ಅವನಿಗೆ ನೆರವಾದ ವೈದ್ಯ ಗೋತಿಯೆ. ಆತನ ನೆನಪಿಗೆ ಅಲ್ಲಿನ ಒಂದು ಪುಟ್ಟ ಗಿಡಕ್ಕೆ ಈ ಹೆಸರಿಟ್ಟರು. ಅದು ನಮ್ಮ ನೀಲಗಿರಿಯ ಗಿಡದ ತಂಗಿ ಎನ್ನಬಹುದು. ಎತ್ತರ ಒಂದು ಗೇಣಿಗೂ ಕಡಿಮೆ. ಹತ್ತು ಹದಿನೈದು ಸೆಂಟಿಮೀಟರು. ನೆಲದ ಕೆಳಗೆ ಕಾಂಡ ಹರಿಸುತ್ತ, ಪೈನ್ ಮತ್ತು ಓಕ್ ಮರಗಳ ನೆರಳಿನಲ್ಲಿ ಚಾಪೆ ಹಾಸಿದಂತೆ ಹಬ್ಬುತ್ತದೆ. ಚಳಿಗಾಲದಲ್ಲಿ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆಯೇ ಹೊರತು ಉದುರುವುದಿಲ್ಲ. ಕೆಂಪು ಹಣ್ಣುಗಳು ಹಿಮದ ಕೆಳಗೂ ಉಳಿದು ಮುಂದಿನ ವಸಂತದವರೆಗೆ ಕಾಣಸಿಗುತ್ತವೆ. ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದ್ದೆ. ಅವನು ಏಪ್ರಿಲ್ ತಿಂಗಳಲ್ಲಿ ಕಾಡಿಗೆ ಹೋಗಿ ಚಿತ್ರ ತೆಗೆದು ಕಳಿಸಿದ. ಗಾತ್ರ ತಿಳಿಯಲಿ ಎಂದು ಗಿಡದ ಪಕ್ಕದಲ್ಲಿ ನಮ್ಮ ಒಂದು ರೂಪಾಯಿಯ ನಾಣ್ಯ ಇಟ್ಟಿದ್ದ! ಅಳತೆಯಿಲ್ಲದ ಚಿತ್ರಕ್ಕೆ ಅಂಕವಿಲ್ಲ ಎಂದು ಹತ್ತನೆಯ ತರಗತಿಯಲ್ಲಿ ಬೈಸಿಕೊಂಡದ್ದು ಅವನಿಗೆ ಮರೆತಿರಲಿಲ್ಲ.

ಈ ಅಕ್ಕತಂಗಿಯರ ನಡುವೆ ಸಾವಿರಾರು ಮೈಲಿ ಸಮುದ್ರವಿದ್ದರೂ ಇಬ್ಬರ ಬೇಡಿಕೆ ಒಂದೇ. ನೆಲ ತಂಪಾಗಿರಬೇಕು. ತೇವವಿರಬೇಕು, ಆದರೆ ನೀರು ನಿಲ್ಲಬಾರದು. ಕೊಳೆತ ಎಲೆಯ ಹಾಸು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಣ್ಣು ಹುಳಿಯಾಗಿರಬೇಕು. ಅಂದರೆ ರಸಸಾರ ನಾಲ್ಕೂವರೆಯಿಂದ ಆರರ ಒಳಗೆ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಅದು ಯಾಕೆ ಹಾಗೆ ಎಂದು ಕೂತು ಯೋಚಿಸುವಂತೆ ಮಾಡಿದವಳು ನಮ್ಮ ಶಾಲೆಯ ಒಬ್ಬ ಹುಡುಗಿ.

ನಾನು ಕೆಲಸ ಮಾಡುವುದು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮಾಸ್ತರನಾದವನು, ಕೂದಲು ಬೆಳ್ಳಗಾಯಿತೇ ಹೊರತು ಹುದ್ದೆ ಬದಲಾಗಿಲ್ಲ. 2022ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯವರನ್ನು ಮೈಸೂರು, ಊಟಿ ಎಂದು ಪ್ರವಾಸ ಕರೆದೊಯ್ದಿದ್ದೆವು. ಊಟಿಯಲ್ಲಿ ನಾವು ಇಳಿದುಕೊಂಡ ಮನೆಯ ತೋಟದ ಬೇಲಿಯಲ್ಲಿ ಈ ಗಿಡ ಇತ್ತು. ಎಲೆ ಹೊಸಕಿ ಮೂಸಲು ಮಕ್ಕಳಿಗೆ ಕೊಟ್ಟೆ. "ಸರ್, ಮುಲಾಮಿನ ವಾಸನಿ ಬರಾಕತ್ತೈತ್ರಿ!" ಎಂದು ಕೂಗೆದ್ದಿತು. ಉಳಿದವರು ಮೂಸಿ ಎಸೆದರು. ಈ ಹುಡುಗಿ ಮಾತ್ರ ಸಸಿ ಬೇಕೆಂದು ಹಟ ಹಿಡಿದಳು. ಕಾಡಿನಿಂದ ಗಿಡ ಕೀಳುವುದು ಅಪರಾಧ ಎಂದು ಬೆಳಿಗ್ಗೆಯೇ ಎಲ್ಲರಿಗೂ ತಾಕೀತು ಮಾಡಿದ್ದೆ. ಆದರೆ ಇದು ಮನೆಯ ತೋಟದ್ದು. ತೋಟದ ಮಾಲಿ ಬಡಗ ಜನಾಂಗದವರು. ಅವರ ಮಾತು ಕನ್ನಡಕ್ಕೆ ಬಲು ಹತ್ತಿರದ್ದು. ನಮ್ಮ ಗದಗಿನ ಕನ್ನಡವೂ ಅವರಿಗೆ ಅರ್ಧ ತಿಳಿಯಿತು, ಅವರದೂ ನಮಗೆ ಅರ್ಧ. ಎರಡು ಅರ್ಧ ಸೇರಿ ಒಂದು ಸಸಿ ಆಯಿತು. ಬೇರಿನ ಸುತ್ತ ಕಪ್ಪು ಮಣ್ಣಿನ ಉಂಡೆಯ ಸಮೇತ ಕಿತ್ತು, ಒದ್ದೆ ಚೀಲದಲ್ಲಿ ಸುತ್ತಿ ಕೊಟ್ಟರು.

ಸಸಿಯನ್ನು ಅವಳು ಮನೆಯ ಹಿತ್ತಲಲ್ಲಿ, ಎರೆ ಮಣ್ಣಿನಲ್ಲಿ ನೆಟ್ಟಳು. ಫೆಬ್ರುವರಿಯ ಹೊತ್ತಿಗೆ ಎಲೆಗಳನ್ನು ಕಿತ್ತುಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಸರ್, ಇದು ಯಾಕ ಹಳದಿ ಆಗೇತ್ರಿ? ಹಳೇ ಎಲಿ ಹಸರ ಅದಾವ, ಹೊಸಾವು ಅಷ್ಟ ಹಳದಿ. ನರ ಮಾತ್ರ ಹಸರ ಉಳದಾವ."

ಈ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇತ್ತು. ಹಳೆಯ ಎಲೆ ಹಸಿರು, ಹೊಸದು ಹಳದಿ ಎಂಬುದನ್ನು ಅವಳು ತಾನಾಗಿಯೇ ಗಮನಿಸಿದ್ದಳು. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣದ ವಿಷಯದಲ್ಲಿ ಹಾಗಾಗದು. ಒಂದು ಎಲೆಯಲ್ಲಿ ಕೂತ ಕಬ್ಬಿಣ ಸುಲಭಕ್ಕೆ ಜಾಗ ಬಿಟ್ಟು ಏಳುವುದಿಲ್ಲ. ಆದ್ದರಿಂದ ಕೊರತೆ ಕಾಣುವುದು ಚಿಗುರಿನಲ್ಲಿ. ಎಲೆಹಸಿರು ತಯಾರಾಗಲು ಕಬ್ಬಿಣ ಬೇಕೇ ಬೇಕು. ಅದಿಲ್ಲದೆ ನರಗಳ ನಡುವಿನ ಜಾಗ ಬಿಳಿಚಿಕೊಳ್ಳುತ್ತದೆ.

ಆದರೆ ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇ? ನೂರು ಕಿಲೋ ಮಣ್ಣು ತೆಗೆದರೆ ಕಿಲೋಗಟ್ಟಲೆ ಕಬ್ಬಿಣ ಇರುತ್ತದೆ. ಕಣಜದ ತುಂಬ ಜೋಳ ಇದೆ, ಕೀಲಿಕೈ ಇಲ್ಲ, ಅಷ್ಟೇ. ಕೀಲಿಕೈ ಎಂದರೆ ಹುಳಿ. ಕಬ್ಬಿಣ ನೀರಿನಲ್ಲಿ ಕರಗಿದರೆ ಮಾತ್ರ ಬೇರಿಗೆ ಸಿಗುತ್ತದೆ. ರಸಸಾರ ಒಂದು ಅಂಕೆ ಏರಿದರೆ ಕರಗಿದ ಫೆರಿಕ್ ಅಯಾನುಗಳ ಪ್ರಮಾಣ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾವು ಪ್ರಯೋಗಶಾಲೆಯ ಸೂಚಕ ಕಾಗದದಿಂದ ನೋಡಿದೆವು. ಊಟಿಯಿಂದ ಬಂದ ಉಂಡೆಯ ಮಣ್ಣು ಐದರ ಆಸುಪಾಸು. ಅವಳ ಹಿತ್ತಲಿನದು ಎಂಟರ ಆಚೆ. ಮೂರು ಅಂಕೆಯ ವ್ಯತ್ಯಾಸ ಎಂದರೆ ಸಾವಿರದಲ್ಲಿ ಒಂದರ ಸಾವಿರದಲ್ಲಿ ಒಂದರ ಸಾವಿರದಲ್ಲಿ ಒಂದು. ಮಕ್ಕಳೇ, ಲೆಕ್ಕ ಹಾಕಿ: ನೂರು ಕೋಟಿಯಲ್ಲಿ ಒಂದು ಪಾಲು.

ಹಿತ್ತಲ ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಟ್ಟೆ. ಸೋಡಾ ಸೀಸೆ ಬಿಚ್ಚಿದ ಹಾಗೆ ಬುರುಬುರು ನೊರೆ. ಸುಣ್ಣ. ಎರೆ ಹೊಲ ಅಗೆದರೆ ಸಿಗುವ ಬಿಳಿ ಹರಳುಗಳೂ ಅದೇ ಸುಣ್ಣ. ಊಟಿಯ ಮಣ್ಣಿಗೆ ಹನಿ ಬಿಟ್ಟರೆ ಏನೂ ಆಗಲಿಲ್ಲ. ಅಲ್ಲಿ ಸಾವಿರಾರು ವರ್ಷಗಳಿಂದ ಮಳೆ ಸುರಿದು ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿದೆ. ಚಳಿಗೆ ಎಲೆ ಕೊಳೆಯುವುದು ನಿಧಾನವಾಗಿ, ಹುಳಿಯಾದ ಕಪ್ಪು ಪದರ ಕೂತಿದೆ. ಅದಕ್ಕೇ ಅಲ್ಲಿ ಚಹಾ ಬೆಳೆಯುತ್ತದೆ. ಚಹಾಕ್ಕೂ ಇಂಥದೇ ಹುಳಿ ಬೇಕು. ಊಟಿಯ ರಸ್ತೆಬದಿಯ ಹೈಡ್ರೇಂಜಿಯ ಹೂಗಳು ಅಷ್ಟೊಂದು ನೀಲಿಯಾಗಿರುವುದಕ್ಕೂ ಇದೇ ಕಾರಣ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಹೂವಿಗೇರುತ್ತದೆ. ಅದೇ ಗಿಡವನ್ನು ಸುಣ್ಣದ ಮಣ್ಣಿಗೆ ತಂದರೆ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಡೀ ಬೆಟ್ಟವೇ ಒಂದು ಲಿಟ್ಮಸ್ ಕಾಗದ!

"ಹಂಗಾದ್ರ ಮಣ್ಣಿಗೆ ಹುಳಿ ಹಾಕಿದರಾತಲ್ರಿ?" ಎಂದಳು. ತರಗತಿಗೆಲ್ಲ ಸೇರಿಸಿ ಈ ಲೆಕ್ಕ ಮಾಡಿಸಿದೆ. ಗಂಧಕದ ಪುಡಿ ಹಾಕಿದರೆ ಮಣ್ಣಿನ ಬ್ಯಾಕ್ಟೀರಿಯ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. 32 ಗ್ರಾಂ ಗಂಧಕದಿಂದ 98 ಗ್ರಾಂ ಆಮ್ಲ. ಅದು 100 ಗ್ರಾಂ ಸುಣ್ಣಕಲ್ಲನ್ನು ಕರಗಿಸುತ್ತದೆ. ಮಣ್ಣಿನಲ್ಲಿ ನೂರಕ್ಕೆ 10 ಭಾಗ ಸುಣ್ಣವಿದೆ ಎಂದುಕೊಳ್ಳಿ. ಒಂದು ಕಿಲೋ ಮಣ್ಣಿಗೆ 32 ಗ್ರಾಂ ಗಂಧಕ ಬೇಕು. ಒಂದು ಎಕರೆಯ ಮೇಲ್ಪದರದ ಗೇಣುದ್ದ ಮಣ್ಣು ಸುಮಾರು 900 ಟನ್. ಅಂದರೆ ಎಕರೆಗೆ ಹತ್ತಿರಹತ್ತಿರ 29 ಟನ್ ಗಂಧಕ. ಹಿಂದಿನ ಬೆಂಚಿನ ಹುಡುಗನೊಬ್ಬ, "ಎರಡು ಲಾರಿ ಆಕ್ಕೈತ್ರಿ ಸರ್" ಎಂದ. ಅಷ್ಟು ಹಾಕಿದ ಮೇಲೂ ಮಣ್ಣು ಹುಳಿಯಾಗುವುದಿಲ್ಲ. ಸುಣ್ಣ ಮುಗಿದಿರುತ್ತದೆ, ಅಷ್ಟೆ. ಹೊಲವನ್ನು ಊಟಿ ಮಾಡುವ ಆಸೆಯನ್ನು ಅಲ್ಲಿಗೇ ಕೈಬಿಟ್ಟೆವು.

ಕುಂಡದಲ್ಲಾದರೆ ಸಾಧ್ಯ. ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಮರದ ಕೆಳಗಿನ ಕೊಳೆತ ಎಲೆ ಒಂದು ಪಾಲು. ಸಿಮೆಂಟಿನ ಕುಂಡ ಬೇಡ, ಅದರಲ್ಲೂ ಸುಣ್ಣ ಇದೆ, ಮಣ್ಣಿನದೇ ಇರಲಿ. ಒಲೆಯ ಬೂದಿ ಗಿಡಕ್ಕೆ ಒಳ್ಳೆಯದೆಂದು ನಮ್ಮವರು ಸುರಿಯುತ್ತಾರೆ. ಈ ಗಿಡಕ್ಕೆ ಅದು ವಿಷ. ಊಟಿಯ ಉಂಡೆಯ ಹಳೆಯ ಮಣ್ಣನ್ನು ಮಾತ್ರ ತೊಳೆಯದೆ ಹಾಗೇ ಇಡಿಸಿದೆ. ಅದಕ್ಕೊಂದು ಕಾರಣವುಂಟು. ಈ ಕುಲದ ಗಿಡಗಳ ಬೇರು ಕೂದಲಿನಷ್ಟು ತೆಳ್ಳಗೆ. ಬೇರೆ ಗಿಡಗಳಿಗಿರುವ ಬೇರುರೋಮ ಇವಕ್ಕಿಲ್ಲ. ಅದರ ಬದಲಿಗೆ ಒಂದು ಬಗೆಯ ಶಿಲೀಂಧ್ರ ಆ ಬೇರಿನ ಜೀವಕೋಶಗಳೊಳಗೇ ಮನೆ ಮಾಡಿಕೊಂಡಿರುತ್ತದೆ. ಅದು ಕೊಳೆತ ಎಲೆಯನ್ನು ಅರಗಿಸಿ ಸಾರಜನಕ, ರಂಜಕಗಳನ್ನು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಬಡ ಹುಳಿ ನೆಲದಲ್ಲಿ ಈ ಪಾಲುಗಾರಿಕೆ ಇಲ್ಲದೆ ಸಂಸಾರ ಸಾಗದು.

ಇಷ್ಟೆಲ್ಲ ಆದಮೇಲೂ ನೀರಿನ ತೊಂದರೆ. ನಮ್ಮ ಕೊಳವೆ ಬಾವಿಯ ನೀರು ಕಾಸಿದರೆ ಪಾತ್ರೆಗೆ ಬಿಳಿ ಪಟ್ಟೆ ಕಟ್ಟುತ್ತದೆ. ಬೈಕಾರ್ಬನೇಟು. ಅದನ್ನು ಹಾಕುತ್ತ ಹೋದರೆ ಕುಂಡದ ಮಣ್ಣು ಮತ್ತೆ ಎಂಟಕ್ಕೇ ಏರುತ್ತದೆ. ಮಳೆ ನೀರು ಹಿಡಿಯೋಣ ಎಂದರೆ ಫೆಬ್ರುವರಿಯಲ್ಲಿ ಮಳೆ ಎಲ್ಲಿ? ಊರಿನಲ್ಲಿ ನಾಣ್ಯ ಹಾಕಿದರೆ ನೀರು ಬರುವ ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ, ಅಲ್ಲಿಂದ ಬಾಟಲಿಯಲ್ಲಿ ತಂದು ಹಾಕತೊಡಗಿದಳು. ಅವಳ ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ: "ನಮಗ ಬೋರಿನ ನೀರು, ಗಿಡಕ್ಕ ಫಿಲ್ಟರ್ ನೀರು. ಮಾಸ್ತರ ಹೇಳ್ಯಾರಂತ!"

ಏಪ್ರಿಲ್ ಮೊದಲ ವಾರ ಎರಡು ಹೊಸ ಎಲೆ ಬಂದವು. ಹಸಿರು.

ಈ ನಡುವೆ ಅವಳ ತಂದೆ ಒಂದು ದಿನ ಶಾಲೆಗೆ ಬಂದರು. ನಾಲ್ಕು ಎಕರೆ ಹೊಲ, ಮುಂಗಾರಿಗೆ ಶೇಂಗಾ, ಹಿಂಗಾರಿಗೆ ಕಡಲೆ ಬೆಳೆಯುವ ರೈತರು. ಮಗಳು ಪಾಠ ಬಿಟ್ಟು ಕುಂಡದ ಮುಂದೆ ಕೂರುತ್ತಾಳೆ ಎಂಬುದು ಅವರ ದೂರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಹತ್ತನೆಯದಾದ ಮೇಲೆ ಓದಿಸಬೇಕೆಂದರೆ ದಿನಾ ಬಸ್ಸು ಹತ್ತಿ ಗದಗಿಗೆ ಕಳಿಸಬೇಕು. "ಅದೆಲ್ಲ ನಮಗ ನೀಗೂದಿಲ್ರಿ ಮಾಸ್ತರ್ರ. ಎಲಿ ಹಳದಿ ಆದ್ರ ಯೂರಿಯಾ, ಹುಳ ಬಿದ್ರ ಎಣ್ಣಿ. ಇದರಾಗ ಓದೂದೇನೈತಿ?" ಎಂದು ಎದ್ದರು. ನಾನು ವಾದ ಮಾಡಲಿಲ್ಲ. ಹೊಟ್ಟೆಯ ಲೆಕ್ಕ ಮಾಡುವವರ ಮುಂದೆ ಮಾಸ್ತರರ ಭಾಷಣ ನಡೆಯುವುದಿಲ್ಲ.

2023ರ ಜೂನ್ ಒಣಗಿಯೇ ಹೋಯಿತು. ಜುಲೈಯಲ್ಲಿ ಮಳೆ ಒಮ್ಮೆಲೇ ಹಿಡಿಯಿತು. ತಡವಾಗಿ ಬಿತ್ತಿದ ಶೇಂಗಾ, ತಗ್ಗಿನ ಪಟ್ಟಿಯಲ್ಲಿ ನೀರುಂಡು, ಆಗಸ್ಟಿನ ಹೊತ್ತಿಗೆ ಅರಿಶಿನ ಬಳಿದ ಹಾಗೆ ಹಳದಿಯಾಯಿತು. ಆ ಪಟ್ಟಿಗೆ ಇದು ಪ್ರತಿ ವರ್ಷದ ರೋಗ. ಪ್ರತಿ ವರ್ಷವೂ ಅದಕ್ಕೆ ಯೂರಿಯಾ ಬೀಳುತ್ತಿತ್ತು. ಹುಡುಗಿ ಒಂದು ಗಿಡ ಕಿತ್ತು ತಂದು ಮೇಜಿನ ಮೇಲಿಟ್ಟಳು. ಮಾತಾಡಲಿಲ್ಲ. ಕೆಳಗಿನ ಎಲೆ ಹಸಿರು, ಚಿಗುರು ಹಳದಿ, ನರ ಹಸಿರು.

ಶೇಂಗಾ ಹುಳಿ ಮಣ್ಣಿನ ಗಿಡವಲ್ಲ. ಸಾಮಾನ್ಯವಾಗಿ ತನ್ನ ಬೇರಿನ ಸುತ್ತ ತಾನೇ ಸ್ವಲ್ಪ ಹುಳಿ ಸುರಿಸಿ ಕಬ್ಬಿಣ ದಕ್ಕಿಸಿಕೊಳ್ಳುತ್ತದೆ. ಕಡಲೆಯೂ ಅಷ್ಟೆ, ಬೆಳಗಿನ ಜಾವ ಕಡಲೆ ಹೊಲದಲ್ಲಿ ನಡೆದವರಿಗೆ ಆ ಹುಳಿಯ ಪರಿಚಯ ಕಾಲಿಗೇ ಆಗಿರುತ್ತದೆ. ಆದರೆ ಸುಣ್ಣದ ನೆಲದಲ್ಲಿ ನೀರು ನಿಂತಾಗ ಬೈಕಾರ್ಬನೇಟು ಹೆಚ್ಚುತ್ತದೆ. ಗಿಡ ಎಷ್ಟು ಹುಳಿ ಸುರಿದರೂ ಅದು ನುಂಗಿಹಾಕುತ್ತದೆ. ಊಟಿಯ ಗಿಡ ಹಿತ್ತಲಲ್ಲಿ ಪಟ್ಟ ಪಾಡನ್ನೇ ಶೇಂಗಾ ಹೊಲದಲ್ಲಿ ಪಡುತ್ತಿತ್ತು.

ಮದ್ದು ಸುಲಭದ್ದು. ಮಣ್ಣಿನ ತಂಟೆಗೆ ಹೋಗದೆ ಎಲೆಗೇ ಕಬ್ಬಿಣ ಕೊಡುವುದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟು. ಅದು ತುಕ್ಕು ಹಿಡಿದು ಕೆಳಗೆ ಕೂರದಂತೆ 1 ಗ್ರಾಂ ನಿಂಬೆ ಉಪ್ಪು. ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಕೃಷಿ ಇಲಾಖೆಯವರೂ ಹೇಳುವ ಪದ್ಧತಿಯೇ ಇದು, ನಾನು ಕಂಡುಹಿಡಿದದ್ದಲ್ಲ. ನಾನು ಸೇರಿಸಿದ್ದು ಒಂದೇ ಮಾತು: ಇಡೀ ಪಟ್ಟಿಗೆ ಹೊಡೆಯಬೇಡ, ನಡುವಿನ ನಾಲ್ಕು ಸಾಲಿಗೆ ಮಾತ್ರ ಹೊಡೆ. ಇಲ್ಲದಿದ್ದರೆ ಗಿಡ ತಾನಾಗಿ ಹಸಿರಾಯಿತು ಎನ್ನುವವರಿಗೆ ಏನು ಉತ್ತರ ಕೊಡುತ್ತೀ? ತಂದೆಯ ಬೆನ್ನಿಗೆ ಹಾಕುವ ಪಂಪನ್ನು ಮೂರು ಸಲ ತೊಳೆದು, ಅವಳೂ ಅವಳ ಅಣ್ಣನೂ ಸಂಜೆ ಹೊಡೆದರು. ತಂದೆ ಬದುವಿನ ಮೇಲೆ ಕೂತು ಬೀಡಿ ಸೇದುತ್ತ ನೋಡಿದರಂತೆ. ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ.

ಹತ್ತು ದಿನದ ಮೇಲೆ ನಾನೇ ಹೊಲಕ್ಕೆ ಹೋದೆ. ಹಳದಿ ಪಟ್ಟಿಯ ನಡುವೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ, ನಾಲ್ಕು ಸಾಲು ಹಸಿರು. "ಊರ ಮಂದಿ ನಿಂತು ನೋಡಿ ಹೋಗಾಕತ್ತಾರ್ರಿ" ಎಂದರು ತಂದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇಷ್ಟ ವರ್ಷ ಹಾಕಿದ ಯೂರಿಯಾ..." ಎಂದು ಅಲ್ಲಿಗೇ ನಿಲ್ಲಿಸಿದರು. ಉಳಿದ ಸಾಲುಗಳಿಗೂ ಮಾರನೆಯ ದಿನವೇ ಹೊಡೆದರು. ಆ ಆಗಸ್ಟಿನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಇಳುವರಿ ಊರಲ್ಲಿ ಎಲ್ಲರದೂ ಕಡಿಮೆಯೇ. ಅನ್ನಭೇದಿಯಿಂದ ಬರ ನಿಲ್ಲುವುದಿಲ್ಲ. ಅವರ ತಗ್ಗಿನ ಪಟ್ಟಿಯಲ್ಲಿ ಮಾತ್ರ ಹಿಂದಿನ ವರ್ಷಗಳಂತೆ ಗಿಡ ಸುಟ್ಟು ಹೋಗಲಿಲ್ಲ.

2024ರ ಮೇ ತಿಂಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಅವಳ ಟಿ.ಸಿ. ಪಡೆಯಲು ತಂದೆಯೇ ಬಂದರು. ಯಾವ ಕಾಲೇಜು ಎಂದು ನಾನು ಕೇಳುವ ಮೊದಲೇ, "ಸೈನ್ಸಿಗೆ ಹಚ್ಚೇವ್ರಿ. ಬಸ್ ಪಾಸಿಗೂ ಅರ್ಜಿ ಕೊಟ್ಟು ಬಂದೆ" ಎಂದರು. ನಾಲ್ಕು ಸಾಲು ಶೇಂಗಾದಿಂದಲೇ ಇದಾಯಿತು ಎಂದು ನಾನು ಹೇಳಲಾರೆ. ಅವಳ ಅಂಕಗಳೂ ಚೆನ್ನಾಗಿದ್ದವು.

ಎಣ್ಣೆಯ ಮಾತು ಅರ್ಧಕ್ಕೆ ನಿಂತಿತ್ತು. ಈ ಎಣ್ಣೆಯ ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಭಾಗ ಒಂದೇ ಒಂದು ವಸ್ತು: ಮೀಥೈಲ್ ಸ್ಯಾಲಿಸಿಲೇಟು. ನೀವು ಹತ್ತನೆಯ ತರಗತಿಯಲ್ಲಿ ಓದುವ ಎಸ್ಟರುಗಳ ಜಾತಿಯದು. 1870ರ ಸುಮಾರಿಗೆ ಊಟಿಯಲ್ಲಿದ್ದ ಬ್ರೌಟನ್ ಎಂಬ ಸರ್ಕಾರಿ ರಸಾಯನಜ್ಞ ಈ ಗಿಡದ ಎಣ್ಣೆಯನ್ನು ಸುಣ್ಣದ ಜೊತೆ ಕಾಯಿಸಿ ಕಾರ್ಬಾಲಿಕ್ ಆಮ್ಲ, ಅಂದರೆ ಫೀನಾಲ್, ತೆಗೆದಿದ್ದ. ಆದರೆ ಕಲ್ಲಿದ್ದಲಿನ ಡಾಂಬರಿನಿಂದ ಅದೇ ವಸ್ತು ಅಗ್ಗವಾಗಿ ಸಿಗುತ್ತಿದ್ದುದರಿಂದ ಯೋಜನೆ ಮುಂದೆ ಸಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಜರ್ಮನಿಯವರು ಗಾಡಿಯನ್ನು ಹಿಂದುಮುಂದಾಗಿ ಓಡಿಸಿದರು. ಕೋಲ್ಬೆ ಎಂಬ ವಿಜ್ಞಾನಿಯ ವಿಧಾನದಿಂದ 1874ರಲ್ಲಿ ಫೀನಾಲಿನಿಂದಲೇ ಸ್ಯಾಲಿಸಿಲಿಕ್ ಆಮ್ಲ ತಯಾರಾಗತೊಡಗಿತು. ಅದರಿಂದ ಆಸ್ಪಿರಿನ್ನೂ ಬಂತು, ಗಿಡದ ಹಂಗಿಲ್ಲದ ವಿಂಟರ್‌ಗ್ರೀನ್ ಎಣ್ಣೆಯೂ ಬಂತು. ಗಿಡದಿಂದಲೇ ತೆಗೆದದ್ದು ನೇಪಾಳದ ಬೆಟ್ಟಗಳಿಂದ ಈಗಲೂ ಬರುತ್ತದೆ. ಅಲ್ಲಿ ಬೆಳೆಯುವುದೂ ನೀಲಗಿರಿಯ ಇದೇ ಗಿಡ. ಗಿಡದ್ದೋ ಕಾರ್ಖಾನೆಯದೋ ಎಂದು ಮನೆಯಲ್ಲಿ ಪತ್ತೆ ಮಾಡಲಾಗದು. ಕಲಬೆರಕೆ ಮಾತ್ರ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ನೀಲಗಿರಿ ಎಣ್ಣೆ ತೇಲುತ್ತದೆ. ವಿಂಟರ್‌ಗ್ರೀನ್ ಎಣ್ಣೆ ನೀರಿಗಿಂತ ಭಾರ, ಮುಳುಗಬೇಕು. ತೇಲಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ ಎಂದೇ ಅರ್ಥ.

ತಂದೆತಾಯಿಗಳು ಈ ಮುಂದಿನ ಲೆಕ್ಕವನ್ನು ದಯವಿಟ್ಟು ಓದಬೇಕು. ಒಂದು ಚಹಾ ಚಮಚ, ಅಂದರೆ 5 ಮಿಲಿಲೀಟರ್, ಶುದ್ಧ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮನಾದ ಮದ್ದು ಇದೆ. ದೊಡ್ಡವರ 325 ಮಿಲಿಗ್ರಾಂ ಮಾತ್ರೆಗಳ ಲೆಕ್ಕದಲ್ಲಿ ಇಪ್ಪತ್ತೊಂದು ಮಾತ್ರೆ. ಚಮಚಕ್ಕಿಂತ ಕಡಿಮೆ ಕುಡಿದು ಸಣ್ಣ ಮಕ್ಕಳು ತೀರಿಕೊಂಡ ಪ್ರಸಂಗಗಳು ವೈದ್ಯ ಗ್ರಂಥಗಳಲ್ಲಿ ದಾಖಲಾಗಿವೆ. ಸಿಹಿಯಾದ ವಾಸನೆ, ಬಣ್ಣದ ಚೀಟಿ, ಕೈಗೆ ಎಟಕುವ ಗೂಡು. ಮಗುವಿಗೆ ಇನ್ನೇನು ಬೇಕು? ಸೀಸೆ ಮೇಲಿನ ಅಟ್ಟದಲ್ಲಿರಲಿ. ಸಣ್ಣ ಮಕ್ಕಳ ಎದೆಗೆ, ಮೂಗಿಗೆ ಹಚ್ಚಬೇಡಿ. ಒಳಕ್ಕೆ ಎಂದೂ ಕೊಡಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮಂಡಿಗೆ ತಿಕ್ಕುವ ಮೊದಲು ವೈದ್ಯರನ್ನು ಕೇಳಬೇಕು. ಮಗು ಕುಡಿದದ್ದು ಗೊತ್ತಾದರೆ ಮನೆಮದ್ದು, ವಾಂತಿ ಮಾಡಿಸುವುದು ಎಂದು ಹೊತ್ತು ಕಳೆಯದೆ ಸೀಸೆಯ ಸಮೇತ ಆಸ್ಪತ್ರೆಗೆ ಓಡಿ.

ಕುಂಡದ ಗಿಡದ ಕಥೆಯನ್ನೂ ಹೇಳಿಬಿಡುತ್ತೇನೆ. 2023ರ ಬೇಸಿಗೆಯನ್ನು ಅದು ಹೇಗೋ ದಾಟಿತು. ಕುಂಡವನ್ನು ಇನ್ನೊಂದು ದೊಡ್ಡ ಕುಂಡದಲ್ಲಿಟ್ಟು, ನಡುವೆ ಒದ್ದೆ ಮರಳು ತುಂಬಿ, ಹೊರಗೆ ಗೋಣಿಚೀಲ ಸುತ್ತಿದ್ದಳು. ನೀರು ಆರುವಾಗ ಶಾಖ ಹೀರಿಕೊಳ್ಳುತ್ತದೆಂಬ ಎಂಟನೆಯ ತರಗತಿಯ ಪಾಠ. ಮರುವರ್ಷದ ಏಪ್ರಿಲಿನ ಬಿಸಿಲಿಗೆ ಅದೂ ಸಾಲಲಿಲ್ಲ. ಮಣ್ಣಿನ ಹುಳಿ ಸರಿಯಿತ್ತು, ಎಲೆ ಹಸಿರಾಗಿಯೇ ಇತ್ತು, ಬೇರು ಬೆಂದಿತು. ಅವಳ ನೋಟ್‌ಬುಕ್ಕಿನ ಕೊನೆಯ ದಾಖಲೆ ಹೀಗಿದೆ: ಮಧ್ಯಾಹ್ನ 3 ಗಂಟೆ, ಕುಂಡದ ಮಣ್ಣಿನ ಉಷ್ಣತೆ 34 ಡಿಗ್ರಿ, ಎಲೆಗಳು ಒಣಗಿವೆ, ಹೊಸಕಿದರೆ ವಾಸನೆ ಈಗಲೂ ಬರುತ್ತದೆ.

ಮಡಿಕೇರಿಯ ಮೇಲಿನ ಬೆಟ್ಟಗಳಲ್ಲೋ ಚಿಕ್ಕಮಗಳೂರಿನ ಗಿರಿಗಳ ಕಡೆಗೋ ಇರುವ ಓದುಗರು ಬೇಕಾದರೆ ಪ್ರಯತ್ನಿಸಬಹುದು. ಹುಳಿ ಅಲ್ಲಿನ ಮಣ್ಣಿನಲ್ಲೇ ಇದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಆರಿಸಿ, ಬುಡಕ್ಕೆ ಸಿಲ್ವರ್ ಓಕಿನ ಒಣಗಿದ ಎಲೆ ನಾಲ್ಕು ಬೆರಳು ದಪ್ಪ ಹಾಸಿ. ಬೇರು ಮೇಲುಮೇಲೆಯೇ ಹರಿಯುವುದರಿಂದ ಸುತ್ತ ಅಗೆಯಬಾರದು; ಕಳೆಯನ್ನು ಕೈಯಿಂದಲೇ ಕೀಳಬೇಕು. ಬೀಜ ಬಿತ್ತುವವರು ಅಮೆರಿಕದ ಗಿಡ್ಡ ತಳಿಯ ಬೀಜ ತರಿಸಿದರೆ ಮೊದಲು ಎರಡು ಮೂರು ತಿಂಗಳು ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಡಬೇಕು. ಚಳಿಗಾಲ ಕಳೆಯಿತೆಂದು ಅದಕ್ಕೆ ನಂಬಿಕೆ ಬಂದ ಮೇಲೇ ಮೊಳೆಯುವುದು. ಗೊಬ್ಬರ ಹಾಕುವುದಿದ್ದರೆ ಚೂರೇ ಚೂರು, ಅದೂ ಅಮೋನಿಯಂ ಸಲ್ಫೇಟು. ಕಾಫಿ ತೋಟಕ್ಕೆ ಸುಣ್ಣ ಎರಚುವ ದಿನ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಳ್ಳಿ.